ಗೋಡೆಯಾಚೆಯ ಕೆಮ್ಮು

ನನ್ನ ಕೋಣೆಗೂ ಅಮ್ಮನ ಕೋಣೆಗೂ ಮಧ್ಯೆ ಒಂದೇ ಗೋಡೆ. ಹಳೇ ಕಾಲದ ಮನೆ. ಗೋಡೆ ದಪ್ಪವಾಗೇ ಇದೆ, ಆದರೆ ಸೂರಿನ ಹತ್ತಿರ ಗಾಳಿಗೆ ಅಂತ ಬಿಟ್ಟ ಎರಡು ಕಿಂಡಿಗಳಿವೆ. ಅಮ್ಮ ರಾತ್ರಿ ಮಗ್ಗುಲು ಬದಲಿಸಿದರೆ ಮಂಚ ಕಿರ್ ಅನ್ನೋದು ನನಗೆ ಕೇಳುತ್ತದೆ. ಕಳೆದ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಆ ಕಿಂಡಿಯಿಂದ ಅಮ್ಮನ ಕಡೆಗೆ ಹೋಗುತ್ತಿದ್ದದ್ದು ನನ್ನ ಕೆಮ್ಮು. ಆ ಕಡೆಯಿಂದ ಬರುತ್ತಿದ್ದದ್ದು ಒಂದೇ ಮಾತು. "ನೀರು ಬೇಕೇನೆ?"

ಶುರುವಾಗಿದ್ದು ಬರೀ ನೆಗಡಿಯಾಗಿ. ನಾನು ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಡಿಸೆಂಬರ್ ಅಂದರೆ ನಮಗೆ ಸ್ಕೂಲ್ ಡೇ ತಯಾರಿ. ಸಂಜೆ ಆರೂವರೆವರೆಗೂ ಬಯಲಲ್ಲಿ ಮಕ್ಕಳಿಗೆ ಕೋಲಾಟ ಪ್ರಾಕ್ಟೀಸ್ ಮಾಡಿಸುತ್ತಿದ್ದೆ. ಎಂಟನೇ ಕ್ಲಾಸಿನ ಅರ್ಧ ಮಕ್ಕಳ ಮೂಗು ಸೋರುತ್ತಿತ್ತು. ಒಂದು ರಾತ್ರಿ ಗಂಟಲು ಕೆರೆಯಿತು. ಬೆಳಗ್ಗೆ ಏಳುವ ಹೊತ್ತಿಗೆ ತಲೆ ಭಾರ, ಕಣ್ಣಲ್ಲಿ ನೀರು. "ಇಬ್ಬನೀಲಿ ನಿಂತಿದ್ದಕ್ಕೇ ಹೀಗಾಯ್ತು" ಅಂದರು ಅಮ್ಮ.

ಚಳಿಗೆ ಶೀತ ಆಯ್ತು ಅಂತ ನಾವೆಲ್ಲ ಹೇಳುತ್ತೇವೆ. ನೆಗಡಿ ತರೋದು ಚಳಿಯಲ್ಲ, ವೈರಸ್ಸು. ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆಗಳಿವೆ. ಒಂದು ಬಗೆ ಬಂದು ಹೋದರೆ ಇನ್ನೊಂದು ಕಾದಿರುತ್ತದೆ. ಆದರೆ ಅಮ್ಮನ ಮಾತು ಪೂರ್ತಿ ಸುಳ್ಳೂ ಅಲ್ಲ. ಮಾಗಿ ಚಳಿ ಬಂದರೆ ಎಲ್ಲರೂ ಕಿಟಕಿ ಬಾಗಿಲು ಮುಚ್ಚಿಕೊಂಡು ಒತ್ತೊತ್ತಾಗಿ ಕೂರುತ್ತೇವೆ. ಗಾಳಿ ಒಣಗಿರುತ್ತದೆ. ಒಬ್ಬರ ಸೀನು ಇನ್ನೊಬ್ಬರಿಗೆ ತಲುಪೋದಕ್ಕೆ ಅಷ್ಟು ಸಾಕು.

ಔಷಧಿ ತಗೊಂಡ್ರೆ ಏಳು ದಿನ, ಇಲ್ಲದಿದ್ರೆ ಒಂದು ವಾರ ಅಂತ ಒಂದು ಮಾತಿದೆ ಅಲ್ವಾ? ಅದನ್ನು ನಾನು ಗಟ್ಟಿಯಾಗಿ ನಂಬಿದ್ದೆ. ಏಳನೇ ದಿನ ಮೂಗು ಸೋರೋದು ನಿಂತಿತು. ಎಂಟನೇ ದಿನ ಎದೆಯಲ್ಲಿ ಏನೋ ಕೂತ ಹಾಗಾಯಿತು. ಕೆಮ್ಮು ಇಳಿದು ಬಂತು. ಮೊದಲು ಒಣ ಕೆಮ್ಮು, ಆಮೇಲೆ ಕಫ. ಉಸಿರು ಬಿಟ್ಟರೆ ಒಳಗೆ ಗೊರಗೊರ. ಸ್ಟಾಫ್ ರೂಮಿನಲ್ಲಿ ದಿನಾ ಒಬ್ಬರಾದರೂ ಕೇಳುತ್ತಿದ್ದರು, "ಇನ್ನೂ ಹೋಗಿಲ್ವಾ ಮಿಸ್?" ಅವರು ಕಾಳಜಿಯಿಂದಲೇ ಕೇಳುತ್ತಿದ್ದರು. ಆದರೆ ಆ "ಇನ್ನೂ" ಅನ್ನೋ ಪದ ನನ್ನನ್ನು ಚುಚ್ಚುತ್ತಿತ್ತು. ನಾನೇನೋ ತಪ್ಪು ಮಾಡಿದ್ದೇನೆ, ಗಡುವು ಮೀರಿದ್ದೇನೆ ಅನ್ನಿಸುತ್ತಿತ್ತು.

ಆಮೇಲೆ ಓದಿ ತಿಳಿದೆ. ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜನರನ್ನು ಕೇಳಿದ್ದಾರೆ, ಎದೆಗೆ ಇಳಿದ ಕೆಮ್ಮು ಎಷ್ಟು ದಿನ ಇರುತ್ತೆ ಅಂತ. ಜನ ಹೇಳಿದ್ದು ಏಳರಿಂದ ಒಂಬತ್ತು ದಿನ. ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಸಿಕ್ಕ ಸರಾಸರಿ ಸುಮಾರು 18 ದಿನ. ನಮ್ಮ ಲೆಕ್ಕಕ್ಕೂ ಮೈಯ ಲೆಕ್ಕಕ್ಕೂ ಹತ್ತು ದಿನದ ವ್ಯತ್ಯಾಸ. ಆ ಹತ್ತು ದಿನದಲ್ಲೇ ನಾವು ಎಲ್ಲ ಎಡವಟ್ಟು ಮಾಡಿಕೊಳ್ಳುತ್ತೇವೆ.

ನಾನೂ ಮಾಡಿಕೊಂಡೆ. ಹನ್ನೆರಡನೇ ದಿನ ಸ್ಕೂಲಿನಿಂದ ಬರುವಾಗ ಒಂದು ಔಷಧಿ ಅಂಗಡಿಗೆ ಹೋಗಿ "ಕೆಮ್ಮಿಗೆ ಏನಾದ್ರೂ ಸ್ಟ್ರಾಂಗ್ ಆಗಿರೋದು ಕೊಡಿ" ಅಂದೆ. ಚೀಟಿ ಕೇಳಲಿಲ್ಲ. ಮೂರು ಮಾತ್ರೆಯ ಒಂದು ಪಟ್ಟಿ ಕೊಟ್ಟರು, ಅಜಿತ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್. ಪಟ್ಟಿಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಇತ್ತು. ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅನ್ನೋದಕ್ಕೇ ಆ ಗೆರೆ ಹಾಕಿರೋದು. ನಾನು ಮಕ್ಕಳಿಗೆ ಪಾಠ ಹೇಳೋಳು. ಗೆರೆ ನೋಡಿದೆ, ನೋಡಿಯೂ ನುಂಗಿದೆ. ಮೂರು ದಿನ ಹೊಟ್ಟೆ ಕೆಟ್ಟಿತು. ಕೆಮ್ಮು ಇದ್ದ ಹಾಗೇ ಇತ್ತು. ಎದೆಗೆ ಇಳಿದ ನೆಗಡಿಯಲ್ಲಿ ಹೆಚ್ಚಿನವು ವೈರಸ್ಸಿನಿಂದಲೇ ಬರುವಂಥವು. ವೈರಸ್ಸಿನ ಮೇಲೆ ಆಂಟಿಬಯಾಟಿಕ್ ಕೆಲಸ ಮಾಡೋದಿಲ್ಲ. ಕಫ ಹಸಿರಾದರೆ ಆಂಟಿಬಯಾಟಿಕ್ ಬೇಕೇ ಬೇಕು ಅಂತಲೂ ನಾನು ತಿಳಿದಿದ್ದೆ. ಅದೂ ಹಾಗಲ್ಲ. ಸೋಂಕಿನ ಜೊತೆ ಹೊಡೆದಾಡುವ ಬಿಳಿ ರಕ್ತಕಣಗಳ ಒಳಗೇ ಒಂದು ಹಸಿರು ಕಿಣ್ವ ಇದೆ. ಕಫಕ್ಕೆ ಬಣ್ಣ ಬರೋದು ಅದರಿಂದ. ಬಣ್ಣ ನೋಡಿ ಅದು ವೈರಸ್ಸೋ ಬ್ಯಾಕ್ಟೀರಿಯಾವೋ ಅಂತ ಹೇಳೋಕಾಗಲ್ಲ.

ಅಮ್ಮ ಮಾತ್ರ ತಮ್ಮ ದಾರಿಯಲ್ಲಿ ನಡೆದಿದ್ದರು. ನಾಲ್ಕು ಹಿಡಿ ಧನಿಯ, ಒಂದು ಹಿಡಿ ಜೀರಿಗೆ, ಅರ್ಧ ಹಿಡಿ ಮೆಣಸು, ಒಂದು ದಪ್ಪ ತುಂಡು ಒಣಶುಂಠಿ. ಕಬ್ಬಿಣದ ಬಾಣಲೆಯಲ್ಲಿ ಒಂದೊಂದನ್ನೇ ಬೇರೆ ಬೇರೆ ಹುರಿಯುತ್ತಾರೆ. ಒಟ್ಟಿಗೆ ಹಾಕಿದರೆ ಜೀರಿಗೆ ಸೀಯುತ್ತೆ, ಧನಿಯ ಹಸಿ ಉಳಿಯುತ್ತೆ. ಪುಡಿ ಮಾಡಿ ಡಬ್ಬಿಗೆ ತುಂಬಿ, ಬೆಳಗ್ಗೆ ಸಂಜೆ ಒಂದೊಂದು ಲೋಟ ಕಷಾಯ, ಬೆಲ್ಲ ಹಾಕಿ. ರಾತ್ರಿ ದೊಡ್ಡಪತ್ರೆ ಎಲೆಯನ್ನು ಕಾವಲಿ ಮೇಲೆ ಬಾಡಿಸಿ, ಅಂಗೈಯಲ್ಲೇ ಹಿಂಡಿ, ಆ ಹಸಿರು ರಸಕ್ಕೆ ಜೇನು ಬೆರೆಸಿ ಕೊಡುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಎದೆಗೆ, ಬೆನ್ನಿಗೆ ಹಚ್ಚುತ್ತಿದ್ದರು. ಎಪ್ಪತ್ತೆಂಟು ವರ್ಷದ ಕೈ ಐವತ್ತೆರಡು ವರ್ಷದ ಬೆನ್ನನ್ನು ತಿಕ್ಕುತ್ತಿತ್ತು. ಕರ್ಪೂರದ ವಾಸನೆ ನನಗೆ ಬರುತ್ತಿರಲಿಲ್ಲ. ಬರೀ ಅದರ ತಂಪು ಗೊತ್ತಾಗುತ್ತಿತ್ತು.

ವಾಸನೆ ಹೋಗಿದ್ದು ದೊಡ್ಡ ನಷ್ಟ. ಅದು ಅವರೆಕಾಯಿ ಕಾಲ. ಬೀದಿ ಬೀದಿಯಲ್ಲಿ ಗುಡ್ಡೆ ಹಾಕಿ ಮಾರುವ ಸೊಗಡಿನ ಅವರೆಕಾಯಿ. ಅಮ್ಮ ಹಿದುಕಿದಬೇಳೆ ಸಾರು ಮಾಡಿ ಬಡಿಸಿದರು. ಬಾಯಿಗೆ ಮೆತ್ತಗೆ, ಬಿಸಿಯಾಗಿ ಏನೋ ಬಂತು, ಅಷ್ಟೇ. ಸೊಗಡಿಲ್ಲದ ಅವರೆಕಾಳು ಬರೀ ಕಾಳು.

ಈ ಮನೆಮದ್ದುಗಳ ಬಗ್ಗೆ ನನ್ನ ಮನಸ್ಸು ಈಗ ತಿಳಿಯಾಗಿದೆ. ಜೇನು ಕೆಮ್ಮನ್ನು ಸ್ವಲ್ಪ ತಗ್ಗಿಸುತ್ತೆ ಅನ್ನೋದನ್ನು ಡಾಕ್ಟರುಗಳೂ ಒಪ್ಪುತ್ತಾರೆ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಕೊಡಬಾರದು. ಬಿಸಿ ಬಿಸಿ ಕುಡಿದರೆ ಗಂಟಲಿಗೆ ಹಿತ, ಕಫ ಸಡಿಲ. ನಮ್ಮ ಕಡೆ ಬೇಲಿಯಲ್ಲಿ ಬೆಳೆಯುವ ಆಡುಸೋಗೆ ಗೊತ್ತಲ್ಲ? ಅದರ ಎಲೆಯಲ್ಲಿ ವ್ಯಾಸಿಸಿನ್ ಅನ್ನೋ ಅಂಶ ಇದೆ. ಅದರ ಜಾಡು ಹಿಡಿದು ಹೋಗಿಯೇ ಬ್ರೋಮ್‌ಹೆಕ್ಸಿನ್ ಅನ್ನೋ ಔಷಧಿ ಮಾಡಿದರು. ಇವತ್ತು ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ಇರುವ ಆಂಬ್ರಾಕ್ಸಾಲ್ ಅದರದೇ ಮುಂದಿನ ರೂಪ. ಅಜ್ಜಿಯರ ಬೇಲಿಗೂ ಔಷಧಿ ಅಂಗಡಿಯ ಕಪಾಟಿಗೂ ನಂಟಿದೆ. ಆದರೆ ಕಷಾಯ ಎದೆಯೊಳಗೆ ಕಿವಿಯಿಟ್ಟು ಕೇಳೋದಿಲ್ಲ. ಒಳಗೆ ಏನಾಗಿದೆ ಅಂತ ಅದಕ್ಕೆ ಗೊತ್ತಾಗೋದಿಲ್ಲ. ನಾನು ಅಮ್ಮನ ಆರೈಕೆಯಲ್ಲಿ ಹಾಯಾಗಿದ್ದು ಡಾಕ್ಟರ ಹತ್ತಿರ ಹೋಗೋದನ್ನು ಮುಂದೂಡುತ್ತಾ ಬಂದೆ. ಆ ತಪ್ಪು ಕಷಾಯದ್ದಲ್ಲ, ನನ್ನದು.

ಹತ್ತೊಂಬತ್ತನೇ ದಿನ ಜ್ವರ ಬಂತು. ಮೊದಲ ಮೂರು ದಿನ ಇದ್ದ ಸಣ್ಣ ಬಿಸಿಯಲ್ಲ ಇದು. ಹಲ್ಲು ಕಟಕಟ ಅನ್ನುವ ಚಳಿ. ಎರಡು ರಗ್ಗು ಹೊದ್ದರೂ ನಡುಕ. ಉಸಿರೆಳೆದರೆ ಬಲಗಡೆ ಬೆನ್ನಿನ ಕೆಳಗೆ ಸೂಜಿ ಚುಚ್ಚಿದ ಹಾಗೆ. ಕಡಿಮೆಯಾಗುತ್ತಾ ಬಂದ ಕಾಯಿಲೆ ಇದ್ದಕ್ಕಿದ್ದಂತೆ ಮತ್ತೆ ಏರಿದರೆ ಅದು ಎಚ್ಚರಿಕೆಯ ಗಂಟೆ. ಈ ಒಂದು ವಿಷಯ ಮೊದಲೇ ಗೊತ್ತಿದ್ದರೆ ಎಷ್ಟು ಚೆನ್ನಾಗಿತ್ತು. ಏರಿಳಿತದಲ್ಲಿ ಇದೂ ಒಂದು ಅಂತ ಇನ್ನೊಂದು ರಾತ್ರಿ ಕಳೆದುಬಿಡುತ್ತಿದ್ದೆನೋ ಏನೋ, ಅಮ್ಮ ಬಿಡಲಿಲ್ಲ. "ಬೆಳಗಾಗ್ಲಿ, ಆಟೋ ಕರೀತೀನಿ. ಈ ಕೆಮ್ಮಿನ ಸದ್ದು ಬದಲಾಗಿದೆ ಕಣೆ" ಅಂದರು.

ಸದ್ದು ಬದಲಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಗೋಡೆಯಾಚೆ ಇದ್ದವರಿಗೆ ಗೊತ್ತಾಗಿತ್ತು.

ಡಾಕ್ಟರ್ ನನಗಿಂತ ಚಿಕ್ಕವರು. ಬೆರಳಿಗೆ ಕ್ಲಿಪ್ಪಿನಂಥದು ಹಾಕಿ ಆಮ್ಲಜನಕ ನೋಡಿದರು, 94 ತೋರಿಸಿತು. ಬೆನ್ನ ಹಿಂದೆ ಬಂದು ಎಡಗೈಯ ನಡುಬೆರಳನ್ನು ಬೆನ್ನಿಗೆ ಒತ್ತಿ, ಬಲಗೈಯ ಬೆರಳಿನಿಂದ ಅದರ ಮೇಲೆ ತಟ್ಟುತ್ತಾ ಕೆಳಗಿಳಿದರು. ಹಲಸಿನಹಣ್ಣು ಹಣ್ಣಾಗಿದೆಯಾ ಅಂತ ತಟ್ಟಿ ನೋಡುತ್ತೀವಲ್ಲ, ಹಾಗೆ. ಎಡಗಡೆ ಟೊಳ್ಳು ಸದ್ದು. ಬಲಗಡೆ ಕೆಳಗೆ ಬರುವಾಗ ಸದ್ದು ಮಂಕಾಯಿತು. ನನಗೇ ಕೇಳಿಸಿತು. ಈ ತಟ್ಟಿ ನೋಡುವ ವಿದ್ಯೆಯನ್ನು 1761ರಲ್ಲಿ ಪುಸ್ತಕವಾಗಿ ಬರೆದವರು ಆಸ್ಟ್ರಿಯದ ಔಯೆನ್‌ಬ್ರುಗ್ಗರ್ ಎಂಬ ವೈದ್ಯ. ಅವರ ತಂದೆ ಛತ್ರದಂಥ ತಂಗುಮನೆ ನಡೆಸುತ್ತಿದ್ದವರು. ಪೀಪಾಯಿಯಲ್ಲಿ ದ್ರಾಕ್ಷಾರಸ ಎಲ್ಲಿವರೆಗೆ ಇದೆ ಅಂತ ತಟ್ಟಿ ಕಂಡುಹಿಡಿಯೋದನ್ನು ಹುಡುಗನಾಗಿದ್ದಾಗ ಅವರು ಕಂಡಿದ್ದರಂತೆ.

"ಬಾಯಿ ತೆಗೆದು ಉಸಿರು ಎಳ್ಕೊಳಿ ಮೇಡಂ... ಬಿಡಿ... ಒಂದು ಒಂದು ಒಂದು ಅಂತ ಹೇಳಿ." ಸ್ಟೆತಾಸ್ಕೋಪು ಬಲಗಡೆ ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ನಿಂತಿತು. ನಾನು ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ "ಒಂದು ಒಂದು" ಅನ್ನುತ್ತಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಸಾಲು ಸಾಲು ಪದ್ಯ ಹೇಳಿದ ಗಂಟಲಿಗೆ ಆ ಎರಡಕ್ಷರ ಹೇಳೋಕೆ ಉಸಿರು ಸಾಲುತ್ತಿರಲಿಲ್ಲ.

ಎಕ್ಸ್‌ರೇ ಬಂತು. ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಗಾಳಿ ಇರುವ ಜಾಗ ಕಪ್ಪು. ಬಲಗಡೆ ಕೆಳಗೆ ಒಂದು ಬಿಳಿ ಮೋಡ. ನ್ಯುಮೋನಿಯಾ. ವೈರಸ್ಸು ದಾರಿ ಮಾಡಿಕೊಟ್ಟು ಹೋದಮೇಲೆ ಬ್ಯಾಕ್ಟೀರಿಯಾ ಬಂದು ಕೂತಿರಬಹುದು ಅಂದರು. ಅಡ್ಮಿಟ್ ಆಗೋ ಅಗತ್ಯ ಇಲ್ಲ, ಮನೆಯಲ್ಲೇ ಮಾತ್ರೆ ತಗೊಳ್ಳಿ, ಉಸಿರಾಟ ಹೆಚ್ಚು ಕಡಿಮೆ ಆದರೆ ತಕ್ಷಣ ಬನ್ನಿ ಅಂದರು. ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಸೇರಿದ ಮಾತ್ರೆ, ಏಳು ದಿನ. ಈ ಸಲ ಆಂಟಿಬಯಾಟಿಕ್‌ಗೆ ಕಾರಣ ಇತ್ತು, ಲೆಕ್ಕ ಇತ್ತು, ಬರೆದುಕೊಟ್ಟವರ ಸಹಿ ಇತ್ತು.

ಆಮೇಲೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟರು. "ಎರಡು ವಾರ ಮೀರಿದ ಕೆಮ್ಮು. ಕಫ ಒಂದ್ಸಲ ಟೆಸ್ಟ್ ಮಾಡಿಸಿಬಿಡೋಣ ಮೇಡಂ. ಟಿಬಿ ಇಲ್ಲ ಅಂತ ಖಾತ್ರಿಗೆ. ಎಲ್ಲರಿಗೂ ಹೇಳ್ತೀವಿ, ಗಾಬರಿ ಬೇಡ."

ನಾನು ಗಾಬರಿಯಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಮ್ಮನ ಕೈ ನನ್ನ ಮುಂಗೈಯನ್ನು ಹಿಡಿದುಕೊಂಡಿತು. ಹಿಡಿತ ಎಷ್ಟು ಬಿಗಿಯಾಗಿತ್ತು ಅಂದರೆ ಬಳೆ ಒತ್ತಿ ಗುರುತು ಬಿತ್ತು.

ಅಮ್ಮ ಒಂಬತ್ತು ವರ್ಷದವರಿದ್ದಾಗ, 1956ರಲ್ಲಿ, ನಮ್ಮ ತಾತನಿಗೆ ಕ್ಷಯ ಆಗಿತ್ತು. ಇದು ನನಗೆ ಗೊತ್ತಿತ್ತು, ಆದರೆ ಒಂದು ಸಾಲಿನಷ್ಟೇ. ಮನೆಯಲ್ಲಿ ಯಾರೂ ಆ ಪದವನ್ನು ಪೂರ್ತಿ ಹೇಳುತ್ತಿರಲಿಲ್ಲ. "ತಾತನಿಗೆ ಹುಷಾರಿರಲಿಲ್ಲ" ಅಂತ ಮುಗಿಸುತ್ತಿದ್ದರು. ಕೆಆರ್‌ಎಸ್ ರಸ್ತೆಯಲ್ಲಿ ಹೋಗುವಾಗ ಒಂದು ಜಾಗ ಬಂದರೆ ಅಮ್ಮ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಬೃಂದಾವನಕ್ಕೆ ಹೋಗುವಾಗಲೂ ಅಷ್ಟೇ. ಅದು ಪಿಕೆಟಿಬಿ ಸ್ಯಾನಟೋರಿಯಂ, ಕ್ಷಯದ ಆಸ್ಪತ್ರೆ. ನೂರು ವರ್ಷಕ್ಕೂ ಹಳೆಯದು. ಪಿಕೆ ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟಿದವರು. ಆ ತಾಯಿಯನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯವೇ ಕೊಂಡೊಯ್ದಿತು. ಅರಮನೆಯ ಗೋಡೆಯೂ ಆ ರೋಗವನ್ನು ತಡೆಯಲಿಲ್ಲ. ಅವರ ನೆನಪಿಗೆ ಊರಾಚೆ, ಮರಗಳ ನಡುವೆ, ಒಳ್ಳೆ ಗಾಳಿ ಇರುವ ಕಡೆ ಆಸ್ಪತ್ರೆ ಕಟ್ಟಿದರು.

ಡಬ್ಬಿ ಹಿಡಿದು ಮನೆಗೆ ಬಂದ ಸಂಜೆ ಅಮ್ಮ ಮೊದಲ ಸಲ ಪೂರ್ತಿ ಹೇಳಿದರು. ತಾತ ಎಂಟು ತಿಂಗಳು ಅಲ್ಲಿದ್ದರು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಅಜ್ಜಿ ಒಳಗೆ ಹೋಗಿ ಬರುವವರೆಗೆ ಅಮ್ಮ, ಮಾವ ಇಬ್ಬರೂ ಹೊರಗೆ ಮರದ ಕೆಳಗೆ ನಿಂತಿರುತ್ತಿದ್ದರು. ತಾತ ವರಾಂಡದ ಕಂಬದ ಹತ್ತಿರ ಬಂದು ಹೆಗಲ ಮೇಲಿನ ಟವೆಲ್ ಎತ್ತಿ ಬೀಸುತ್ತಿದ್ದರು. ಮುಖ ಕಾಣುತ್ತಿರಲಿಲ್ಲ, ಟವೆಲ್ ಕಾಣುತ್ತಿತ್ತು. ದಿನಾ ಇಂಜೆಕ್ಷನ್ನು, ಹಾಲು, ಮೊಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆ ಒಳಗೆ ಬಂದಿದ್ದೇ ಆ ಕಾಯಿಲೆಯಿಂದ.

ತಾತ ವಾಸಿಯಾಗಿ ಬಂದರು. ಕ್ಷಯದ ಔಷಧಿಗಳಾದ ಸ್ಟ್ರೆಪ್ಟೋಮೈಸಿನ್ ಬಂದಾಗಿತ್ತು, ಐಸೋನಯಾಜಿಡ್ ಬಂದಾಗಿತ್ತು. ಹತ್ತು ವರ್ಷ ಮುಂಚೆ ಆಗಿದ್ದರೆ ತಾತ ಉಳಿಯುತ್ತಿರಲಿಲ್ಲ ಅಂತ ಅಮ್ಮ ಹೇಳುತ್ತಾರೆ. ಇರಬಹುದು. ಆದರೆ ವಾಸಿಯಾಗಿ ಬಂದ ಮನುಷ್ಯನನ್ನು ಯಾರೂ ವಾಸಿಯಾದವರಂತೆ ಕಾಣಲಿಲ್ಲ. ಅವರ ಲೋಟ ಬೇರೆ. ಅಡುಗೆಮನೆಯ ಕಿಟಕಿಯ ಮೇಲೆ ಬೋರಲು ಹಾಕಿದ ಒಂದು ಹಿತ್ತಾಳೆ ಲೋಟ. ಅಜ್ಜಿ ಅದನ್ನು ಬೇರೆಯಾಗಿ ತೊಳೆದು, ಬೇರೆಯಾಗಿ ಒಣಗಿಸಿ, ಅಲ್ಲೇ ಇಡುತ್ತಿದ್ದರು. ಮೂವತ್ತು ವರ್ಷ ಬದುಕಿದರು ತಾತ, ಆ ಲೋಟದಲ್ಲೇ ಕುಡಿದರು. ಅಮ್ಮನ ಮದುವೆಯ ದಿನ ಛತ್ರದಲ್ಲಿ ಎಲ್ಲರಿಗೂ ಕಾಫಿ ಕೊಟ್ಟಾಗ, ಹೆಣ್ಣಿನ ಅಪ್ಪನ ಕೈಯಲ್ಲಿ ಮಾತ್ರ ಮನೆಯಿಂದ ತಂದ ಆ ಹಿತ್ತಾಳೆ ಲೋಟ ಇತ್ತಂತೆ. ಅವರೇ ತಂದುಕೊಂಡಿದ್ದರು. ಯಾರೂ ಹೇಳಿರಲಿಲ್ಲ.

ಇದನ್ನು ಹೇಳಿ ಅಮ್ಮ ಸ್ವಲ್ಪ ಹೊತ್ತು ಸುಮ್ನಿದ್ದರು. ನಾನು ಎದ್ದು ಅಡುಗೆಮನೆಗೆ ಹೋಗಿ ನನ್ನ ಲೋಟ, ತಟ್ಟೆ ಬೇರೆ ಎತ್ತಿಡಲು ಹೋದೆ. ಅಮ್ಮನಿಗೆ ವಯಸ್ಸಾಗಿದೆ, ನನ್ನದು ಏನೇ ಆಗಿದ್ದರೂ ಅವರಿಗೆ ತಗಲಬಾರದು ಅನ್ನೋ ಭಯ ನನಗೆ. ಅಮ್ಮ ಹಿಂದೆಯೇ ಬಂದರು. ನನ್ನ ಕೈಯಿಂದ ಲೋಟ ಕಸಿದುಕೊಂಡು, ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದು, ಸ್ಟ್ಯಾಂಡಿನಲ್ಲಿ ಎಲ್ಲ ಲೋಟಗಳ ಮಧ್ಯೆ ಇಟ್ಟರು. "ಈ ಮನೇಲಿ ಯಾರ ಲೋಟಾನೂ ಬೇರೆ ಇಡೋದು ಬೇಡ" ಅಂದರು. ಅವರ ದನಿ ಎತ್ತರವಾಗಿದ್ದನ್ನು ನಾನು ಕೇಳಿದ್ದೇ ಅಪರೂಪ.

ಮಾರನೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಟಿಬಿ ಹರಡೋದು ಗಾಳಿಯಿಂದ, ಲೋಟ ತಟ್ಟೆಯಿಂದ ಅಲ್ಲ ಅಂದರು. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ, ಅಮ್ಮನ ಹತ್ತಿರ ಇರುವಾಗ ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ, ಕೈ ತೊಳೀತಾ ಇರಿ ಅಂದರು. ಮೂವತ್ತು ವರ್ಷ ತಾತ ಆ ಲೋಟ ಹಿಡಿದುಕೊಂಡಿದ್ದು ಸುಮ್ನೆ. ಒಂದು ಮಾತು, ಯಾರಾದರೂ ಅವರ ಮನೆಗೆ ಬಂದು ಹೇಳಿದ್ದರೆ ಸಾಕಿತ್ತು. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತೆ.

ಕಫ ಕೊಡೋದು ಅಂದರೆ ಉಗುಳೋದಲ್ಲ. ಬೆಳಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಉದ್ದ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೀಬೇಕು. ಜೊಲ್ಲು ಬಂದರೆ ಪ್ರಯೋಜನ ಇಲ್ಲ. ಹಿತ್ತಲಲ್ಲಿ ನಿಂತು ತೆಗೆದೆ. ಆಗ ಅಕ್ಕಪಕ್ಕದ ಮನೆಗಳಲ್ಲಿ ಒಣಗಿದೆಲೆ ಗುಡಿಸಿ ಬೆಂಕಿ ಹಾಕುವ ಹೊತ್ತು. ಚಳಿಗಾಲದ ಬೆಳಗ್ಗೆ ಹೊಗೆ ಮೇಲೆ ಏಳೋದಿಲ್ಲ, ನೆಲದ ಹತ್ತಿರವೇ ಹಾಸಿಕೊಂಡಿರುತ್ತದೆ. ನೆಲ ತಣ್ಣಗಿರುತ್ತೆ, ಅದರ ಮೇಲಿನ ಗಾಳಿ ಬೆಚ್ಚಗಿದ್ದು ಮುಚ್ಚಳದ ಹಾಗೆ ಕೂತಿರುತ್ತೆ. ಮೊದಲೆಲ್ಲ ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಹೋಗುವಾಗ ಆ ಹೊಗೆ ಮಂಜಿನ ಹಾಗೆ ಚಂದ ಕಾಣುತ್ತಿತ್ತು. ಆ ಜನವರಿಯಲ್ಲಿ ಎರಡು ಸಲ ಉಸಿರೆಳೆದರೆ ಹತ್ತು ನಿಮಿಷ ಕೆಮ್ಮು. ದಯವಿಟ್ಟು ಎಲೆ ಸುಡಬೇಡಿ. ಗುಂಡಿ ತೋಡಿ ಹಾಕಿದರೆ ಗೊಬ್ಬರವಾಗುತ್ತೆ. ಪಕ್ಕದ ಮನೆಯಲ್ಲಿ ಯಾರ ಎದೆ ಹೇಗಿದೆಯೋ ನಮಗೆ ಗೊತ್ತಿರೋದಿಲ್ಲ.

ರಿಪೋರ್ಟ್ ಬರೋದಕ್ಕೆ ಎರಡು ದಿನ. ಆ ಎರಡು ದಿನ ನಾನು ದಿಂಬಿಗೆ ಒರಗಿ ಫೋನಿನಲ್ಲಿ ಟಿಬಿ ಬಗ್ಗೆ ಓದಿದೆ. ಒಂದು ವಿಷಯ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಸಂಶೋಧಕರು, ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇರುವವರನ್ನು ಮಾತಾಡಿಸಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯ ಜನಕ್ಕೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರೋದಿಲ್ಲ ಅಂತ ದೊಡ್ಡವರೆಲ್ಲ ತಿಳಿದಿದ್ದ ಕಾಲ. ಈ ಸಂಶೋಧಕರಿಗೆ ಕಂಡಿದ್ದೇ ಬೇರೆ. ಅರ್ಧಕ್ಕಿಂತ ಹೆಚ್ಚು ರೋಗಿಗಳು ಆಗಲೇ ಕೆಮ್ಮುತ್ತಾ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ.

ಜನ ಬಂದಿದ್ದರು. ಕೆಮ್ಮನ್ನು ಕೇಳಿಸಿಕೊಂಡವರಿರಲಿಲ್ಲ.

ಇದನ್ನು ಓದಿ ನಾನು ಫೋನ್ ಪಕ್ಕಕ್ಕಿಟ್ಟೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಅನ್ನೋ ನಿಯಮ ಆಸ್ಪತ್ರೆ ಗೋಡೆಯ ಪೋಸ್ಟರಿನಲ್ಲಿ ಎಷ್ಟು ಸಲ ನೋಡಿದ್ದೆನೋ. ಪೋಸ್ಟರು ಬೇರೆಯವರಿಗೆ ಅಂದುಕೊಂಡಿದ್ದೆ. ಆ ನಿಯಮದ ಹಿಂದೆ ತುಮಕೂರಿನ ಹಳ್ಳಿಗಳ ಕೆಮ್ಮು ಇದೆ, ನಮ್ಮ ತಾತನ ಕೆಮ್ಮು ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೂ, ಟಿಬಿ ಇದ್ದರೆ ಅದರ ಔಷಧಿಗೂ ದುಡ್ಡು ಕೊಡಬೇಕಿಲ್ಲ. ಮದರಾಸಿನಲ್ಲಿ ನಡೆದ ಒಂದು ದೊಡ್ಡ ಅಧ್ಯಯನ 1959ರಲ್ಲೇ ತೋರಿಸಿತ್ತು, ಮನೆಯಲ್ಲಿದ್ದು ಮಾತ್ರೆ ತಗೊಂಡರೂ ಸ್ಯಾನಟೋರಿಯಂನಷ್ಟೇ ಚೆನ್ನಾಗಿ ವಾಸಿಯಾಗುತ್ತೆ ಅಂತ. ಮನೆಯವರಿಗೆ ಅದರಿಂದ ಹೆಚ್ಚಿನ ಅಪಾಯವೂ ಇಲ್ಲ ಅನ್ನೋದು ಅದರ ಮುಂದಿನ ವರದಿಗಳಲ್ಲಿ ಬಂತು. 1959ಕ್ಕೆ ತಾತ ಮನೆಗೆ ಬಂದು ಎರಡು ವರ್ಷ ಆಗಿತ್ತು.

ರಿಪೋರ್ಟ್ ಬಂತು. ಟಿಬಿ ಇಲ್ಲ. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು, "ಇದ್ದಿದ್ರೂ ವಾಸಿ ಮಾಡಿಸ್ತಿದ್ದೆ ಬಿಡು" ಅಂದರು.

ಮಾತ್ರೆ ಶುರುವಾದ ಮೂರನೇ ದಿನ ಜ್ವರ ಇಳಿಯಿತು. ಏಳು ದಿನಕ್ಕೆ ಮಾತ್ರೆ ಮುಗಿಯಿತು. ಇನ್ನೇನು ಎದ್ದು ಓಡಾಡುತ್ತೇನೆ ಅಂದುಕೊಂಡೆ. ಆಗ ಬಂತು ಸುಸ್ತು. ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಭುಜ ಸೋಲುತ್ತಿತ್ತು. ಮಹಡಿಗೆ ಹದಿನಾಲ್ಕು ಮೆಟ್ಟಿಲು. ಏಳನೇ ಮೆಟ್ಟಿಲಿಗೆ ನಿಂತು ಉಸಿರು ತಗೊಳ್ಳುತ್ತಿದ್ದೆ. ಕೆಮ್ಮಂತೂ ಇದ್ದೇ ಇತ್ತು. ಹಗಲು ಕಡಿಮೆ, ರಾತ್ರಿ ತಲೆ ದಿಂಬಿಗೆ ತಾಗುತ್ತಿದ್ದ ಹಾಗೆ ಶುರು. ಎರಡು ದಿಂಬು ಹಾಕಿ ಅರ್ಧ ಕೂತ ಹಾಗೆ ಮಲಗಿದರೆ ಸ್ವಲ್ಪ ವಾಸಿ. ಕೆಮ್ಮಿ ಕೆಮ್ಮಿ ಪಕ್ಕೆಲುಬಿನ ನಡುವೆ ಹೊಡೆತ ತಿಂದ ಹಾಗೆ ನೋವು. ಕೆಮ್ಮು ಬರುವಾಗ ಒಂದು ದಿಂಬನ್ನು ಎದೆಗೆ ಅಪ್ಪಿಕೊಂಡರೆ ಆ ನೋವು ಕಡಿಮೆ ಆಗುತ್ತೆ. ಇದನ್ನು ನರ್ಸ್ ಒಬ್ಬರು ಹೇಳಿಕೊಟ್ಟರು.

ಸಂಕ್ರಾಂತಿಗೆ ಮುಂಚೆ ಡಾಕ್ಟರ ಹತ್ತಿರ ಹೋಗಿ ಅತ್ತೇಬಿಟ್ಟೆ. "ಇನ್ನೂ ಹೋಗಿಲ್ಲ ಡಾಕ್ಟ್ರೇ" ಅಂದೆ. ಆ "ಇನ್ನೂ" ಈಗ ನನ್ನ ಬಾಯಲ್ಲೇ ಬಂದಿತ್ತು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ವಿವರಿಸಿದರು. ಉಸಿರುನಾಳದ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಿವೆ. ಗಾಳಿಗೆ ರಾಗಿ ಪೈರು ಬಾಗುವ ಹಾಗೆ ಎಲ್ಲ ಒಟ್ಟಿಗೆ ಬೀಸುತ್ತವೆ, ಸೆಕೆಂಡಿಗೆ ಹತ್ತಾರು ಸಲ. ಧೂಳು, ಕಫ ಎಲ್ಲವನ್ನೂ ಗಂಟಲಿನ ಕಡೆಗೆ ತಳ್ಳುತ್ತಾ ಇರುತ್ತವೆ. ನಮಗೆ ಗೊತ್ತೇ ಆಗದ ಹಾಗೆ ಹಗಲೂ ರಾತ್ರಿ ಈ ಕೆಲಸ. ಸೋಂಕು ಬಂದಾಗ ಈ ಪೈರು ನೆಲಕಚ್ಚುತ್ತದೆ. ರೋಗಾಣು ಸತ್ತರೂ ಪೈರು ಒಂದೇ ದಿನಕ್ಕೆ ಏಳೋದಿಲ್ಲ, ಮತ್ತೆ ಬೆಳೆಯೋದಕ್ಕೆ ವಾರಗಟ್ಟಲೆ ಬೇಕು. ಅಲ್ಲಿವರೆಗೆ ಕಫ ಮೇಲೆ ತರೋದಕ್ಕೆ ಇರುವ ದಾರಿ ಕೆಮ್ಮೊಂದೇ. ಕೆಮ್ಮಿನ ನರಗಳೂ ಕೆಣಕಿದ ಹಾಗಿರುತ್ತವೆ, ತಣ್ಣನೆ ಗಾಳಿ, ಜೋರು ನಗು, ಒಗ್ಗರಣೆ ಘಾಟು ಏನಾದರೂ ಸಾಕು. "ಮೂರು ವಾರದಿಂದ ಎಂಟು ವಾರದವರೆಗಿನ ಕೆಮ್ಮಿಗೆ ನಮ್ಮಲ್ಲಿ ಬೇರೆ ಹೆಸರೇ ಇದೆ ಮೇಡಂ. ಎಂಟು ವಾರ ದಾಟಿದ್ರೆ ಬೇರೆ ಕಾರಣ ಹುಡುಕ್ತೀವಿ. ಕಫದಲ್ಲಿ ರಕ್ತ ಬಂದ್ರೆ, ತೂಕ ಇಳಿದ್ರೆ, ಜ್ವರ ಮರುಕಳಿಸಿದ್ರೆ ಒಂದು ದಿನಾನೂ ಕಾಯ್ಬೇಡಿ. ಇಲ್ಲಾಂದ್ರೆ ನಿಮ್ಮ ಎದೆಗೆ ಟೈಮ್ ಕೊಡಿ."

ಕಾಯಬೇಕಾದ್ದು ಯಾವುದು, ಕಾಯಬಾರದ್ದು ಯಾವುದು. ನನಗೆ ಬೇಕಿದ್ದಿದ್ದು ಈ ಗೆರೆ. ಹನ್ನೆರಡನೇ ದಿನ ಕಾಯಬೇಕಿತ್ತು, ಅವಸರ ಮಾಡಿದೆ. ಎರಡು ವಾರ ಮೀರಿದ ಮೇಲೆ ತೋರಿಸಬೇಕಿತ್ತು, ಕಾದೆ. ಅದೇ ಚೀಟಿಯಲ್ಲಿ ಡಾಕ್ಟರ್ ಅಮ್ಮನಿಗೂ ಬರೆದುಕೊಟ್ಟರು, ಫ್ಲೂ ಲಸಿಕೆ, ನ್ಯುಮೋನಿಯಾ ತಡೆಗೆ ನ್ಯುಮೋಕಾಕಲ್ ಲಸಿಕೆ. ಅಮ್ಮ ಸ್ವೆಟರಿನ ತೋಳು ಮೇಲೆ ಸರಿಸಿ ಸುಮ್ನೆ ಕೂತು ಹಾಕಿಸಿಕೊಂಡರು.

ಸ್ಕೂಲಿಗೆ ಹಬ್ಬ ಮುಗಿಸಿ ಹೋದೆ. ಹತ್ತನೇ ಕ್ಲಾಸಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಎರಡು ವಾಕ್ಯ ಹೇಳಿದರೆ ದನಿ ಒಡೆಯುತ್ತಿತ್ತು. ಮೊದಲ ದಿನ ಪದ್ಯ ಓದಲು ಹೋಗಿ ನಾಲ್ಕನೇ ಸಾಲಿಗೆ ಕೆಮ್ಮು ಹಿಡಿದು ನಿಂತೇಬಿಟ್ಟೆ. ಕೊನೇ ಬೆಂಚಿನ ಹುಡುಗನೊಬ್ಬ ಎದ್ದು ಐದನೇ ಸಾಲಿನಿಂದ ಓದಲು ಶುರು ಮಾಡಿದ. ನಾನು ಹೇಳಿರಲಿಲ್ಲ. ಅವನು ನಿಂತಲ್ಲಿಂದ ಇನ್ನೊಬ್ಬಳು. ಆ ತಿಂಗಳಿಡೀ ಮಕ್ಕಳೇ ಓದಿದರು, ನಾನು ಕುರ್ಚಿಯಲ್ಲಿ ಕೂತು ಬಿಸಿನೀರು ಗುಟುಕರಿಸುತ್ತಾ ಕೇಳಿದೆ. ನಾನು ಓದುವಾಗ ಯಾವತ್ತೂ ಗೊತ್ತಾಗದ ಎಷ್ಟೋ ವಿಷಯ ಆಗ ಗೊತ್ತಾಯಿತು. ಯಾರು ಪ್ರಾಸಕ್ಕೆ ನಿಲ್ಲುತ್ತಾರೆ, ಯಾರು ಅರ್ಥಕ್ಕೆ ನಿಲ್ಲುತ್ತಾರೆ, ಯಾರಿಗೆ ಒತ್ತಕ್ಷರ ಕಂಡರೆ ಭಯ. ಈಗಲೂ ವಾರಕ್ಕೆ ಎರಡು ಪೀರಿಯಡ್ ಅವರಿಗೇ ಬಿಟ್ಟಿದ್ದೇನೆ.

ಸೊಗಡು ಬರುವ ಹೊತ್ತಿಗೆ ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು. ಕೊನೇ ಕೊನೇ ಕಾಯಿ, ಬಲಿತು ಗಟ್ಟಿಯಾದದ್ದು. ಅಮ್ಮ ಉಪ್ಪಿಟ್ಟಿಗೆ ಹಾಕಿದರು. ತಟ್ಟೆ ಮುಖದ ಹತ್ತಿರ ತಂದಾಗ ಸಣ್ಣಗೆ, ದೂರದಿಂದ ಬಂದ ಹಾಗೆ, ವಾಸನೆ ಬಂತು.

ಫೆಬ್ರವರಿಯಲ್ಲಿ ಮತ್ತೆ ಎಕ್ಸ್‌ರೇ ತೆಗೆದರು. ಐವತ್ತು ದಾಟಿದವರಿಗೆ ಆರು ವಾರ ಬಿಟ್ಟು ಒಂದು ಸಲ ನೋಡೋದು ಒಳ್ಳೇದು ಅಂದರು ಡಾಕ್ಟರ್. ಬಲಗಡೆಯೂ ಕಪ್ಪಾಗಿತ್ತು. ಆ ಕಪ್ಪನ್ನು ನೋಡಿ ಅಷ್ಟು ಸಂತೋಷಪಡುತ್ತೇನೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ವಾಪಸ್ ಬರುವಾಗ ಅಮ್ಮ ಆಟೋದವರಿಗೆ "ಕೆಆರ್‌ಎಸ್ ರೋಡ್ ಕಡೆಯಿಂದ ಹೋಗಪ್ಪ" ಅಂದರು. ಸುತ್ತುದಾರಿ ಅದು. ಸ್ಯಾನಟೋರಿಯಂ ಹತ್ತಿರ ಬಂದಾಗ ಅಮ್ಮ ತಿರುಗಿ ನೋಡಿದರು. ಮರಗಳು ಕಂಡವು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಾಗಿ ನಾಲ್ಕೈದು ದಿನ ಕಳೆದಿರಬೇಕು. ಬೆಳಗಿನ ಜಾವ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಅಮ್ಮ ನಿಂತಿದ್ದರು. ಶಾಲು ಹೊದ್ದು, ಚೌಕಟ್ಟು ಹಿಡಿದುಕೊಂಡು.

"ಏನಮ್ಮ, ಯಾಕೆ ಎದ್ದೆ?"

"ನೀನು ರಾತ್ರಿಯಿಂದ ಕೆಮ್ಮೇ ಇಲ್ಲ" ಅಂದರು. "ಉಸಿರಾಡ್ತಿದ್ದೀಯಾ ಅಂತ ನೋಡೋಕೆ ಬಂದೆ."

ಎದ್ದು ಹೋಗಿ ಕಾಫಿಗೆ ನೀರಿಟ್ಟೆ. ಸ್ಟ್ಯಾಂಡಿನಿಂದ ಎರಡು ಲೋಟ ತೆಗೆದೆ. ಯಾವುದು ಯಾರದು ಅಂತ ನೋಡಲಿಲ್ಲ.